ಇನ್ನೊಂದು ಸೂಲು ಇದೆಯಲ್ಲ ಎನ್ನುವವರಿಗೆ

"ಸತ್ತದ್ದು ಬೆಕ್ಕಿನ ಮರಿ ತಾನೆ, ಅದಕ್ಕೇಕೆ ಇಷ್ಟು ಗೋಳು?" ಎಂದು ಕೇಳುವವರೊಂದಿಗೆ ನನಗೆ ಜಗಳವಿಲ್ಲ. ಅವರಿಗೆ ಬೆಕ್ಕು ಗೊತ್ತಿಲ್ಲ, ಗೊತ್ತಿಲ್ಲದವರ ಹಾಗೆ ಮಾತಾಡುತ್ತಾರೆ. ನನ್ನ ಜಗಳವೇನಿದ್ದರೂ ಬೆಕ್ಕನ್ನು ಬಲ್ಲವರೊಂದಿಗೆ. ಬೆಕ್ಕಿನಿಂದ ನಾಲ್ಕು ಕಾಸು ಕಂಡವರೊಂದಿಗೆ. ಮರಿ ಕಳೆದುಕೊಂಡು ಕೂತವಳ ಮುಂದೆ ಅವರು ಹೇಳುವ ಸಮಾಧಾನದ ಮಾತು ಇದು: "ಹೋದರೆ ಹೋಗ್ಲಿ ಬಿಡಿ ಮೇಡಂ. ಹದಿನೈದು ದಿನದಲ್ಲಿ ಮತ್ತೆ ಬೆದೆಗೆ ಬರುತ್ತೆ. ಇನ್ನೊಂದು ಸೂಲು ತೆಗೆದರಾಯ್ತು."

ಮೇಲ್ನೋಟಕ್ಕೆ ಎಷ್ಟು ಮೆತ್ತಗಿನ ಮಾತು! ಬೈದಿಲ್ಲ, ನಕ್ಕಿಲ್ಲ. ಆದರೆ ಈ ಮಾತಿನಷ್ಟು ಕೆಟ್ಟ ಸಲಹೆ ಇನ್ನೊಂದಿಲ್ಲ ಎನ್ನುವುದು ನನ್ನ ವಾದ. ಯಾಕೆ ಸತ್ತವು ಎಂದು ಕೇಳುವ ಮೊದಲೇ ಬಾಗಿಲು ಹಾಕಿಬಿಡುವ ಮಾತು ಇದು. ನಮ್ಮ ಹೆಂಗಸರಿಗೆ ಇದು ಹೊಸದೂ ಅಲ್ಲ. ಹಸುಗೂಸು ಹೋದ ಮನೆಗಳಲ್ಲಿ "ಇನ್ನೂ ಚಿಕ್ಕ ವಯಸ್ಸು, ಇನ್ನೊಂದಾಗುತ್ತೆ ಬಿಡೇ" ಎಂದದ್ದನ್ನು ನಮ್ಮ ಅಮ್ಮಂದಿರು, ಅತ್ತೆಯಂದಿರು ಕೇಳಿ ಬಾಯಿ ಮುಚ್ಚಿಕೊಂಡವರೇ. ಮನುಷ್ಯರ ಕೂಸನ್ನೂ ಬೆಕ್ಕಿನ ಮರಿಯನ್ನೂ ನಾನು ಒಂದೇ ತಕ್ಕಡಿಯಲ್ಲಿ ಇಡುತ್ತಿಲ್ಲ. ಮಾತು ಮಾತ್ರ ಒಂದೇ ಎನ್ನುತ್ತಿದ್ದೇನೆ. ಅಂದೂ ಆ ಮಾತು ಹೆತ್ತವಳ ಒಳಿತಿಗಾಗಿ ಹುಟ್ಟಿದ್ದಲ್ಲ, ಸುತ್ತಲಿನವರ ಅನುಕೂಲಕ್ಕೆ ಹುಟ್ಟಿದ್ದು.

ಈಗ ನಮ್ಮ ಶಿವಮೊಗ್ಗದಂಥ ಊರುಗಳಲ್ಲಿ ಪರ್ಷಿಯನ್ ಬೆಕ್ಕು ಸಾಕಿ ಮರಿ ಮಾರುವ ಮನೆಗಳು ಬೇಕಾದಷ್ಟಿವೆ. ಮೂಗು ಸ್ವಲ್ಪ ಮುಂದಿದ್ದರೆ ಡಾಲ್ ಫೇಸ್, ಪೂರ್ತಿ ಚಪ್ಪಟೆಯಾಗಿದ್ದರೆ ಪಂಚ್ ಫೇಸ್, ಅದಕ್ಕೊಂದು ದರ, ಇದಕ್ಕೊಂದು ದರ. ಈ ಕೆಲಸ ಮಾಡುವವರಲ್ಲಿ ಹೆಂಗಸರೇ ಹೆಚ್ಚು ಕಾಣುತ್ತಾರೆ. ಹಪ್ಪಳ ಸಂಡಿಗೆ ಮಾಡಿದಂತೆ, ಸೀರೆಗೆ ಫಾಲ್ ಹೊಲಿದಂತೆ, ಮನೆಯಲ್ಲೇ ಕೂತು ತಮ್ಮದೆಂದು ಹೇಳಿಕೊಳ್ಳಬಹುದಾದ ದುಡ್ಡು. ಅದನ್ನು ನಾನು ಹಂಗಿಸುವುದಿಲ್ಲ. ಗಂಡನ ಮುಂದೆ ಕೈಯೊಡ್ಡದೆ ಮಗಳ ಕಾಲೇಜಿನ ಫೀಸು ಕಟ್ಟುವ ಸುಖ ಏನೆಂದು ಗೊತ್ತಿರುವವರು ಯಾರೂ ಹಂಗಿಸಲಾರರು. ಆದರೆ ಸಂಡಿಗೆ ಮುರಿದರೆ ಸಂಡಿಗೆ ಮಾತ್ರ ಮುರಿಯುತ್ತದೆ. ಇಲ್ಲಿ ಹಾಗಲ್ಲ.

"ಹಿಂದೆಯೂ ಮರಿ ಸಾಯುತ್ತಿರಲಿಲ್ಲವೇ?" ಎನ್ನುತ್ತಾರೆ. ಸಾಯುತ್ತಿದ್ದವು. ಮಲೆನಾಡಿನ ಮನೆಗಳ ಅಟ್ಟದಲ್ಲಿ, ಅಡಿಕೆ ಮೂಟೆಗಳ ಸಂದಿಯಲ್ಲಿ ಬೆಕ್ಕು ಮರಿ ಹಾಕಿದರೆ ಎಷ್ಟು ಹುಟ್ಟಿದವು, ಎಷ್ಟು ಉಳಿದವು ಎಂದು ಯಾರು ಎಣಿಸಿದರು? ಬೆಕ್ಕು ಮರಿಗಳನ್ನು ಏಳು ಮನೆ ಸುತ್ತಿಸುತ್ತದೆ ಎಂಬ ಮಾತು ಸುಮ್ಮನೆ ಬಂದದ್ದಲ್ಲ. ಇಲ್ಲಿ ಸರಿಯಿಲ್ಲ ಅನ್ನಿಸಿದರೆ ಕತ್ತು ಕಚ್ಚಿ ಇನ್ನೊಂದು ಕಡೆಗೆ ಒಯ್ಯುವ ಸ್ವಾತಂತ್ರ್ಯ ಆ ತಾಯಿಗಿತ್ತು. ಗಂಡನ್ನು ಆರಿಸಿಕೊಂಡದ್ದು ಅದೇ, ಜಾಗ ಆರಿಸಿಕೊಂಡದ್ದೂ ಅದೇ. ಇಂದಿನ ಪರ್ಷಿಯನ್ ಬೆಕ್ಕಿಗೆ ಅಟ್ಟವಿಲ್ಲ, ಎರಡನೇ ಮನೆಯೂ ಇಲ್ಲ. ಯಾವ ಗಂಡು, ಯಾವ ತಿಂಗಳು, ಯಾವ ಕೋಣೆ ಎಂಬುದನ್ನೆಲ್ಲ ನಾವೇ ನಿರ್ಧರಿಸುತ್ತೇವೆ. ಎಲ್ಲವನ್ನೂ ನಿರ್ಧರಿಸಿದ ಮೇಲೆ ಮರಿ ಸತ್ತಾಗ ಮಾತ್ರ "ಪ್ರಕೃತಿ" ಎಂದರೆ ಹೇಗೆ?

ಹುಟ್ಟಿದ ಮರಿ ಎಂದರೆ ಎಷ್ಟು ದೊಡ್ಡದೆಂದುಕೊಂಡಿದ್ದೀರಿ? ಸುಮಾರು 100 ಗ್ರಾಂ, ಒಂದು ಹಿಡಿ ಅವರೆಕಾಳಿನಷ್ಟು ಭಾರ. ಕಣ್ಣು ಬಿಡಲು ಏಳರಿಂದ ಹತ್ತು ದಿನ ಬೇಕು. ಮೊದಲ ವಾರ ಅದಕ್ಕೆ ಚಳಿಯಾದರೆ ನಡುಗಲೂ ಬರುವುದಿಲ್ಲ. ತಾಯಿಯ ಮೈಯ ಬಿಸಿಯೇ ಅದರ ಬಿಸಿ. ನಮ್ಮ ಶ್ರೀವೈಷ್ಣವರು ಮಾರ್ಜಾಲ ಕಿಶೋರ ನ್ಯಾಯ ಎನ್ನುತ್ತಾರೆ. ಕೋತಿಯ ಮರಿ ತಾಯಿಯ ಹೊಟ್ಟೆಯನ್ನು ತಾನೇ ಅವಚಿಕೊಳ್ಳುತ್ತದೆ. ಬೆಕ್ಕಿನ ಮರಿ ಏನೂ ಮಾಡುವುದಿಲ್ಲ, ತಾಯಿಯೇ ಎತ್ತಿಕೊಂಡು ಹೋಗಬೇಕು. ಭಕ್ತನ ಶರಣಾಗತಿಗೆ ಹೋಲಿಕೆಯಾಗಿ ಹೇಳಿದ ಮಾತು ಅದು. ಬೆಕ್ಕು ಸಾಕುವವಳಿಗೆ ಅದು ಹೋಲಿಕೆಯಲ್ಲ, ಇದ್ದದ್ದು ಇದ್ದ ಹಾಗೆ.

ಇಷ್ಟು ನಿಸ್ಸಹಾಯಕ ಜೀವ ಎಷ್ಟು ಎಚ್ಚರ ವಹಿಸಿದರೂ ಕೆಲವೊಮ್ಮೆ ಉಳಿಯುವುದಿಲ್ಲ. ಬ್ರಿಟನ್ನಿನಲ್ಲಿ ತಳಿ ಬೆಕ್ಕು ಸಾಕುವವರಿಂದ ಸಾವಿರಕ್ಕೂ ಹೆಚ್ಚು ಸೂಲುಗಳ ವಿವರ ಸಂಗ್ರಹಿಸಿ 2006ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಸೂಲಿಗೆ ಸರಾಸರಿ ನಾಲ್ಕೂವರೆ ಮರಿ. ನೂರರಲ್ಲಿ ಸುಮಾರು ಏಳು ಸತ್ತೇ ಹುಟ್ಟಿದವು, ಇನ್ನೂ ಒಂಬತ್ತು ಮೊದಲ ಎಂಟು ವಾರಗಳಲ್ಲಿ ಹೋದವು. ಅಲ್ಲಿ, ಲೆಕ್ಕ ಇಡುವ ಜನರ ಕೈಯಲ್ಲೇ, ಇಷ್ಟು. ಅಂದಮೇಲೆ ಈ ಕೆಲಸಕ್ಕೆ ಕೈ ಹಾಕಿದ ಪ್ರತಿಯೊಬ್ಬಳೂ ಒಂದಲ್ಲ ಒಂದು ದಿನ ಸತ್ತ ಮರಿಯನ್ನು ಅಂಗೈಯಲ್ಲಿ ಹಿಡಿಯಲೇಬೇಕು. ಹೆಣ್ಣು ಬೆಕ್ಕನ್ನು ಮಾರುವಾಗ "ವರ್ಷಕ್ಕೆ ಎರಡು ಸೂಲು, ದುಡ್ಡೇ ದುಡ್ಡು" ಎಂದವರು ಈ ಮಾತನ್ನು ಹೇಳಿರುತ್ತಾರೆಯೇ? ಹೇಳಿದ್ದನ್ನು ನಾನಂತೂ ಕೇಳಿಲ್ಲ.

ನಮ್ಮ ಬೀದಿಯ ಒಬ್ಬ ಹೆಣ್ಣುಮಗಳ ವಿಷಯ ಹೇಳುತ್ತೇನೆ, ಹೆಸರು ಬೇಡ. ಬಿಳಿಯ ಪರ್ಷಿಯನ್ ಬೆಕ್ಕು ಅವಳದು. ಮೊದಲ ಸೂಲಿನಲ್ಲಿ ನಾಲ್ಕು ಮರಿ ಹುಟ್ಟಿ ಮೂರು ದಿನದಲ್ಲಿ ಮೂರು ಹೋದವು. "ಚೊಚ್ಚಲು ಅಲ್ಲವೇ, ತಾಯಿಗೆ ಗೊತ್ತಾಗಲ್ಲ" ಎಂದರು ಗಂಡು ಬೆಕ್ಕಿನ ಮಾಲೀಕರು. ಇನ್ನೊಂದು ಸೂಲಿಗೆ ಕ್ರಾಸಿಂಗ್ ಪುಕ್ಕಟೆ ಮಾಡಿಸಿಕೊಡುತ್ತೇನೆಂದೂ ಹೇಳಿದರು. ಉಳಿದ ಒಂದು ಮರಿ ತಾಯಿಯ ಹಾಲು ಬಿಡುತ್ತಿದ್ದಂತೆಯೇ ಅದೇ ಗಂಡಿನ ಜೊತೆ ಮತ್ತೆ ಬಿಟ್ಟದ್ದೂ ಆಯಿತು. ಎರಡನೇ ಸೂಲಿಗೆ ಐದು ಮರಿ. ಈ ಸಲ ಅವಳು ಕೇಕ್ ಮಾಡಲು ತಂದಿಟ್ಟಿದ್ದ ಪುಟ್ಟ ತಕ್ಕಡಿಯಲ್ಲಿ ತೂಗಿ, ಹಾಲಿನ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಬರೆದಿಟ್ಟಳು. 98, 104, 101, 95, 107. ಒಂದೂ ಬಡಕಲಲ್ಲ. ಮೊದಲ ರಾತ್ರಿ ಐದೂ ಚಪ್ಪರಿಸಿ ಹಾಲು ಕುಡಿದವು. ಮಾರನೆಯ ದಿನ ಒಂದೊಂದೇ ಮೊಲೆ ಬಿಟ್ಟು ಮೂಲೆಗೆ ಸರಿದವು. ಒರೆಸಿದ ಬಟ್ಟೆಯ ಮೇಲೆ ಮೂತ್ರ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ಇತ್ತು. ಅದನ್ನೂ ಬರೆದಳು. ಮೂರನೆಯ ದಿನಕ್ಕೆ ನಾಲ್ಕು ಹೋದವು.

ಆ ಮೂರು ದಿನ ಅವಳು ಅಡಿಗೆ ಬಿಟ್ಟವಳಲ್ಲ. ಬೆಳಿಗ್ಗೆ ದೋಸೆ ಹುಯ್ದು, ಡಬ್ಬಿ ಕಟ್ಟಿ, ಎಲ್ಲರನ್ನೂ ಕಳಿಸಿ, ಹಿತ್ತಲಲ್ಲಿ ಕರಿಬೇವಿನ ಗಿಡದ ಬುಡದಲ್ಲಿ ಗುಂಡಿ ತೋಡಿದಳು. "ಬೆಕ್ಕಿನ ಮರಿಗೆ ಇಷ್ಟು ಅತ್ತರೆ ಮನೆಗೆ ಶ್ರೇಯಸ್ಸಲ್ಲ ಕಣೇ" ಎಂದರು ಅತ್ತೆ. ಎದುರು ಮನೆಯವರು ದೃಷ್ಟಿ ಎಂದರು. ಮುಟ್ಟಾದವಳು ಬುಟ್ಟಿ ಮುಟ್ಟಿರಬೇಕು ಎಂದರು ಇನ್ಯಾರೋ. "ತಾಯಿಯ ಹಾಲೇ ವಿಷ, ಅದು ಮರಿಗಳನ್ನು ಕೊಲ್ಲೋ ಬೆಕ್ಕು" ಎಂದು ಒಬ್ಬರು ತೀರ್ಪನ್ನೇ ಕೊಟ್ಟರು.

ನೋಡಿ, ಕೂಸು ಸತ್ತ ಕೂಡಲೇ ಬೆರಳು ತಾಯಿಯ ಕಡೆಗೆ ಅಥವಾ ಇನ್ನೊಬ್ಬ ಹೆಂಗಸಿನ ಕಡೆಗೇ ಹೋಗುತ್ತದೆ. ಬಂಗಾಳದಲ್ಲಿ ಮಕ್ಕಳನ್ನು ಕಾಯುವ ಷಷ್ಠಿ ದೇವಿಗೆ ಬೆಕ್ಕೇ ವಾಹನ. ಅವಳ ವ್ರತದ ಕಥೆಯಲ್ಲಿ ಮನೆಯ ಕಿರಿಯ ಸೊಸೆ ಕದ್ದು ತಿಂದು ತಪ್ಪನ್ನು ಬೆಕ್ಕಿನ ಮೇಲೆ ಹಾಕುತ್ತಾಳೆ. ಬೆಕ್ಕು ದೇವಿಯಲ್ಲಿ ದೂರು ಒಯ್ಯುತ್ತದೆ, ಸೊಸೆ ಹೆತ್ತ ಕೂಸುಗಳು ಒಂದೊಂದಾಗಿ ಮಾಯವಾಗುತ್ತವೆ, ತಪ್ಪು ಒಪ್ಪಿಕೊಂಡ ಮೇಲೆ ಮರಳುತ್ತವೆ. ಹಸಿದ ಸೊಸೆಗೆ ಇಷ್ಟು ದೊಡ್ಡ ಶಿಕ್ಷೆಯೇ ಎಂದು ನನಗೆ ಯಾವಾಗಲೂ ಅನ್ನಿಸಿದೆ. ಆದರೂ ಆ ಕಥೆ ಒಂದು ವಿಷಯದಲ್ಲಿ ಸರಿ: ಮಾಡಿದವರು ಒಬ್ಬರು, ದೂರು ಹೊತ್ತದ್ದು ಬೆಕ್ಕು.

ನಮ್ಮ ಬೀದಿಯ ಬೆಕ್ಕಿನ ಕಥೆಯಲ್ಲೂ ಹಾಗೆಯೇ ಆಯಿತು. ಹಾಲಿನ ಪುಸ್ತಕ ನೋಡಿದ ಪಶುವೈದ್ಯರು ಕೇಳಿದ ಮೊದಲ ಪ್ರಶ್ನೆ, "ತಾಯಿದು ಯಾವ ಬ್ಲಡ್ ಗ್ರೂಪ್?" ಬೆಕ್ಕಿಗೂ ರಕ್ತದ ಗುಂಪು ಇರುತ್ತದೆಂದು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಇರುತ್ತದೆ. ಎ, ಬಿ, ಅಪರೂಪಕ್ಕೆ ಎಬಿ. 1981ರಿಂದಲೂ ವಿಜ್ಞಾನಿಗಳು ಇದನ್ನು ಹೀಗೆಯೇ ಹೆಸರಿಸುತ್ತಿದ್ದಾರೆ. ಹೆಚ್ಚಿನ ಬೆಕ್ಕುಗಳು ಎ. ಪರ್ಷಿಯನ್, ಬ್ರಿಟಿಷ್ ಶಾರ್ಟ್‌ಹೇರ್‌ನಂಥ ತಳಿಗಳಲ್ಲಿ ಬಿ ಗುಂಪಿನವೂ ಸಿಗುತ್ತವೆ. ಬಿ ಗುಂಪಿನ ತಾಯಿಯ ಮೈಯಲ್ಲಿ ಎ ರಕ್ತದ ವಿರುದ್ಧ ಹುಟ್ಟಿನಿಂದ ಬಂದ ಗುಣವಾಗಿಯೇ ಬಲವಾದ ಆಂಟಿಬಾಡಿಗಳಿರುತ್ತವೆ. ಅಂಥ ತಾಯಿಗೆ ಎ ಗುಂಪಿನ ಗಂಡನ್ನು ಕೂಡಿಸಿದರೆ ಎ ಗುಂಪಿನ ಮರಿಗಳು ಹುಟ್ಟುತ್ತವೆ. ಗಿಣ್ಣು ಹಾಲಿನ ಜೊತೆ ಆ ಆಂಟಿಬಾಡಿಗಳೂ ಮರಿಯ ಹೊಟ್ಟೆ ಸೇರಿ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ನಮ್ಮಲ್ಲಿ ಆರ್‌ಎಚ್ ನೆಗೆಟಿವ್ ತಾಯಂದಿರಿಗೆ ಇಂಜೆಕ್ಷನ್ ಕೊಡುವುದನ್ನು ನೀವು ಬಲ್ಲಿರಿ. ಹೆಚ್ಚು ಕಡಿಮೆ ಅದರ ದಾಯಾದಿ ಇದು. ವ್ಯತ್ಯಾಸವೆಂದರೆ ಇಲ್ಲಿ ಮೊದಲ ಸೂಲಿಗೂ ವಿನಾಯಿತಿಯಿಲ್ಲ, ಮತ್ತು ಮರಿ ಹುಟ್ಟುವಾಗ ಗುಂಡುಗುಂಡಾಗಿ ಆರೋಗ್ಯವಾಗಿಯೇ ಇರುತ್ತದೆ. ಕುಡಿದ ಮೇಲೆಯೇ ಬಾಡುತ್ತದೆ.

ತಾಯಿಯ ರಕ್ತ ಬೆಂಗಳೂರಿಗೆ ಹೋಗಿ ಬಂತು. ಬಿ ಗುಂಪು. ಗಂಡಿನದು ಎ. ಬದುಕಿದ ಐದನೇ ಮರಿಯ ಬಾಲದ ತುದಿ ಕೆಲವು ದಿನಗಳಲ್ಲಿ ಕಪ್ಪಾಗಿ ಒಣಗಿ ಉದುರಿಹೋಯಿತು. ಅದೂ ಈ ತೊಂದರೆಯದೇ ಗುರುತಂತೆ.

ಹಾಗಾದರೆ "ತಾಯಿಯ ಹಾಲೇ ವಿಷ" ಎಂದವರ ಮಾತು ನಿಜವಾಯಿತೇ? ಆ ಹಾಲು ಆ ಮರಿಗಳಿಗೆ ವಿಷವಾದದ್ದು ಹೌದು. ಆದರೆ ಆ ಗಂಡನ್ನು ಆರಿಸಿದ್ದು ಬೆಕ್ಕಲ್ಲ. ಗಂಡು ಹೆಣ್ಣು ಎರಡರ ರಕ್ತವನ್ನೂ ಮೊದಲೇ ಪರೀಕ್ಷಿಸಿದ್ದರೆ ಬಿ ಗುಂಪಿನ ಗಂಡನ್ನೇ ಹುಡುಕಬಹುದಿತ್ತು. ಇಲ್ಲವೇ, ಹುಟ್ಟಿದೊಡನೆ ಮರಿಗಳನ್ನು ಒಂದು ಹಗಲು ಒಂದು ರಾತ್ರಿ ತಾಯಿಯ ಮೊಲೆಯಿಂದ ದೂರವಿಟ್ಟು, ಮರಿಗಳಿಗೆಂದೇ ತಯಾರಾದ ಹಾಲಿನ ಪುಡಿ ಕಲಸಿ ಕುಡಿಸಬಹುದಿತ್ತು. ಹುಟ್ಟಿ ಸುಮಾರು ಹದಿನಾರು ಗಂಟೆ ಕಳೆದರೆ ಮರಿಯ ಕರುಳು ಆಂಟಿಬಾಡಿಗಳನ್ನು ರಕ್ತಕ್ಕೆ ಬಿಟ್ಟುಕೊಳ್ಳುವುದನ್ನು ನಿಲ್ಲಿಸುತ್ತದೆ. ಆಮೇಲೆ ಅದೇ ತಾಯಿ, ಅದೇ ಹಾಲು, ತೊಂದರೆಯಿಲ್ಲ. ಇಷ್ಟು ಸಣ್ಣ ತಿಳಿವಳಿಕೆಗೆ ಅಡ್ಡ ನಿಂತದ್ದು ಯಾವುದು? ಇನ್ನೊಂದು ಸೂಲು ಇದೆಯಲ್ಲ ಎಂಬ ಆ ಸಿಹಿ ಮಾತು. ಮೊದಲ ಮೂರು ಸಾವಿನ ಕಾರಣ ಯಾರಾದರೂ ಕೇಳಿದ್ದರೆ ಮುಂದಿನ ನಾಲ್ಕು ನಿಲ್ಲುತ್ತಿದ್ದವು.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. ಕಾರಣ ಕೇಳು ಎಂದರೆ ಅಳುತ್ತಿರುವವಳನ್ನು ಕಟಕಟೆಯಲ್ಲಿ ನಿಲ್ಲಿಸು ಎಂದಲ್ಲ. "ನಾನೇ ಕೊಂದೆ, ನಾನೇ ಕೊಂದೆ" ಎಂದು ಹಣೆ ಚಚ್ಚಿಕೊಳ್ಳುವುದರಿಂದಲೂ ಕಾರಣ ತಿಳಿಯುವುದಿಲ್ಲ. ಅದು ಕೂಡ ಪ್ರಶ್ನೆಯನ್ನು ಮುಚ್ಚುವ ಇನ್ನೊಂದು ದಾರಿ. ಬಾಡಿಹೋಗುವ ಮರಿಗಳಿಗೆ ಇಂಗ್ಲಿಷಿನವರು ಫೇಡಿಂಗ್ ಕಿಟನ್ ಎಂದು ಹೆಸರಿಟ್ಟಿದ್ದಾರೆ. ಅದು ಒಂದು ಕಾಯಿಲೆಯ ಹೆಸರಲ್ಲ, ಹತ್ತಾರು ಕಾರಣಗಳಿಗೆ ಹೊದಿಸಿದ ಒಂದು ಕಂಬಳಿ. ಕೆಲವು ಸಲ ಕಂಬಳಿ ಎತ್ತಿ ನೋಡಿದರೂ ಏನೂ ಸಿಗುವುದಿಲ್ಲ. ಸಿಗಲಿಲ್ಲ ಎಂದು ತಿಳಿಯುವುದಕ್ಕೂ ಎತ್ತಿ ನೋಡಲೇಬೇಕಲ್ಲ?

ನೋಡಲು ಬೇಕಾದದ್ದೂ ಬಹಳವಿಲ್ಲ. ದಿನಕ್ಕೊಮ್ಮೆ ಅದೇ ಹೊತ್ತಿಗೆ ತೂಗಿ ಬರೆದಿಡಿ. ಮರಿ ದಿನಕ್ಕೆ ಹತ್ತರಿಂದ ಹದಿನೈದು ಗ್ರಾಂ ಏರಬೇಕು, ಎರಡು ವಾರಕ್ಕೆ ಹುಟ್ಟಿದ ತೂಕದ ಎರಡರಷ್ಟಾಗಬೇಕು. ಏರದೆ ನಿಂತರೆ ಕಣ್ಣಿಗೆ ಕಾಣುವ ಮೊದಲೇ ತಕ್ಕಡಿ ಹೇಳುತ್ತದೆ. ಮರಿಯ ಬಾಯೊಳಗೆ ನೋಡಿ. ಅಂಗುಳ ಸೀಳಿದ್ದರೆ ಕುಡಿದ ಹಾಲು ಮೂಗಿನಲ್ಲಿ ಬರುತ್ತದೆ. ಪರ್ಷಿಯನ್ ಬೆಕ್ಕುಗಳಿಗೆ ಹುಳುಕಡ್ಡಿ ಜಾಸ್ತಿ. ಅದಕ್ಕೆ ಕೊಡುವ ಗ್ರಿಸಿಯೋಫಲ್ವಿನ್ ಎಂಬ ಮಾತ್ರೆಯನ್ನು ಬಸುರಿ ಬೆಕ್ಕಿಗೆ ಕೊಟ್ಟರೆ ಮರಿಗಳು ಅಂಗವಿಕಲವಾಗಿ ಹುಟ್ಟಬಹುದು, ಅಂಗುಳ ಸೀಳುವುದೂ ಅದರಲ್ಲೊಂದು. ಜೀವಂತ ವೈರಸ್ಸಿನ ಲಸಿಕೆಯನ್ನೂ ಬಸುರಿಗೆ ಹಾಕಿಸಬಾರದು, ಗಂಡಿನ ಜೊತೆ ಬಿಡುವ ಮೊದಲೇ ಮುಗಿಸಬೇಕು. ಚಪ್ಪಟೆ ಮುಖದ ಬೆಕ್ಕುಗಳಿಗೆ ಹೆರಿಗೆ ಕಷ್ಟವಾಗುವುದು ಹೆಚ್ಚು. ಆದ್ದರಿಂದ ಪಂಚ್ ಫೇಸ್ ಬೇಕೆಂದು ದುಡ್ಡು ಹೆಚ್ಚು ಕೊಡುವವರೂ ಈ ಸಾವಿನ ಪಾಲುದಾರರೇ. ಇನ್ನೊಂದು ಮಾತು ಮುಖ್ಯ: ತಣ್ಣಗಾದ ಮರಿಯ ಬಾಯಿಗೆ ಹಾಲು ಬಿಡಬೇಡಿ. ತಣ್ಣಗಿನ ಹೊಟ್ಟೆಯಲ್ಲಿ ಹಾಲು ಅರಗುವುದಿಲ್ಲ. ಬಿಸಿನೀರಿನ ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕದಲ್ಲಿಟ್ಟು ನಿಧಾನವಾಗಿ ಮೈ ಬೆಚ್ಚಗಾದ ಮೇಲೆ ಹಾಲಿನ ಮಾತು. ಅದೂ ಹಸುವಿನ ಹಾಲಲ್ಲ. ಬೆಕ್ಕಿನ ಹಾಲಿನಲ್ಲಿ ಅದರ ಎರಡರಷ್ಟಕ್ಕೂ ಹೆಚ್ಚು ಪ್ರೊಟೀನ್ ಇರುತ್ತದೆ.

ಇನ್ನು ಆ ತಾಯಿಯ ವಿಷಯ. ಮರಿ ಕಳೆದುಕೊಂಡ ಬೆಕ್ಕು ಬುಟ್ಟಿ ಮೂಸಿ ಮೂಸಿ, ಮಂಚದ ಕೆಳಗೆ, ಬೀರುವಿನ ಹಿಂದೆ ಕೂಗುತ್ತ ಅಲೆಯುವುದನ್ನು ಕಂಡವರಿಗೆ ಅದಕ್ಕೆ ಏನೂ ತಿಳಿಯುವುದಿಲ್ಲ ಎನ್ನಲು ಬಾಯಿ ಬರಲಾರದು. ಅದರ ಮೊಲೆ ಬಿಗಿದು ಕೆಂಪಾಗಿ ಬಿಸಿಯಾದರೆ ವೈದ್ಯರಿಗೆ ತೋರಿಸಬೇಕು. ಹಿಂಡಿ ಹಿಂಡಿ ಹಾಲು ತೆಗೆಯಬಾರದು, ತೆಗೆದಷ್ಟೂ ಹಾಲು ಇಳಿಯುತ್ತದೆ. ಹದಿನೈದು ದಿನದಲ್ಲಿ ಮತ್ತೆ ಬೆದೆಗೆ ಬರಬಹುದು ಎಂಬ ಮಾತು ನಿಜವೇ. ಬೆದೆಗೆ ಬಂತೆಂದರೆ ಅದರ ಮೈ ತುಂಬಿಕೊಂಡಿತೆಂದು ಅರ್ಥವಲ್ಲ. 2017ರಲ್ಲಿ ನಾಯಿಮರಿ ಬೆಳೆಸಿ ಮಾರುವವರಿಗೆ ಕೇಂದ್ರ ಸರ್ಕಾರ ನಿಯಮ ಮಾಡಿತು. ಹೆಣ್ಣು ನಾಯಿಗೆ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಸೂಲು ಕೂಡದು, ಜೀವಮಾನದಲ್ಲಿ ಐದಕ್ಕಿಂತ ಹೆಚ್ಚು ಕೂಡದು, ದಾಖಲೆ ಇಡಬೇಕು ಎಂದು ಅದರಲ್ಲಿದೆ. 2018ರಲ್ಲಿ ಸಾಕುಪ್ರಾಣಿ ಮಾರುವ ಅಂಗಡಿಗಳಿಗೂ ನಿಯಮ ಬಂತು. ಆ 2017ರ ನಿಯಮ ನಾಯಿಗಳಿಗೆ ಮಾತ್ರ, ಬೆಕ್ಕಿನ ಹೆಸರು ಅದರಲ್ಲಿಲ್ಲ. ಸರ್ಕಾರ ಬರೆಯುವವರೆಗೆ ನಾವು ಕಾಯಬೇಕೇ? ಬಾಣಂತಿಗೆ ವಿಶ್ರಾಂತಿ ಬೇಕೆಂದು ನಮಗೆ ಗೆಜೆಟ್ಟು ಬಂದು ಹೇಳಬೇಕೇ?

ದುಃಖದ ವಿಷಯಕ್ಕೆ ಬಂದರೆ, ಅಳಬೇಕೆನಿಸಿದವಳು ಅಳಲಿ. ಯಾರ ಅಪ್ಪಣೆಯೂ ಬೇಕಿಲ್ಲ. ಮನೆಯಲ್ಲಿ ಮಕ್ಕಳಿದ್ದರೆ "ಮರಿ ಅಜ್ಜಿ ಮನೆಗೆ ಹೋಯಿತು" ಎಂದು ಸುಳ್ಳು ಹೇಳುವುದಕ್ಕಿಂತ ಸತ್ತಿತು ಎಂದೇ ಹೇಳಿ, ಮಣ್ಣು ಹಾಕುವಾಗ ಜೊತೆಗೆ ಕರೆದುಕೊಳ್ಳಿ. ಆದರೆ ಮಣ್ಣು ಹಾಕುವ ಮೊದಲು ಒಂದನ್ನಾದರೂ ವೈದ್ಯರಿಗೆ ತೋರಿಸಿ, ಸಾಧ್ಯವಿದ್ದರೆ ಮರಣೋತ್ತರ ಪರೀಕ್ಷೆ ಮಾಡಿಸಿ. ನಮ್ಮ ಬೀದಿಯವಳು ನನಗೆ ಹೇಳಿದಳು: "ಕಾರಣ ಗೊತ್ತಾದ ದಿನ ಮತ್ತೆ ಅತ್ತೆ ಅಕ್ಕಾ. ಆದ್ರೆ ಅವತ್ತು ರಾತ್ರಿ ನಿದ್ದೆ ಬಂತು." ಮರಿಗಳಿಗೆಂದು ಪಡೆದ ಮುಂಗಡವನ್ನು ಅವಳು ಹಿಂದಿರುಗಿಸಿದಳು. ಆ ವರ್ಷವೇ ಬೆಕ್ಕಿಗೆ ಆಪರೇಷನ್ನೂ ಮಾಡಿಸಿದಳು. ತುದಿಯಿಲ್ಲದ ಬಾಲದ ಮರಿಯನ್ನು ಯಾರೂ ಕೊಳ್ಳಲಿಲ್ಲ, ಈಗ ಅದು ಅವಳ ಮನೆಯ ಕಿಟಕಿಯಲ್ಲಿ ಕೂತು ಬೀದಿಗೆ ಕಾವಲು.

"ಇಷ್ಟೆಲ್ಲ ಕಟ್ಟುಪಾಡು ಹೇಳಿದರೆ ಯಾರು ತಾನೇ ಬೆಕ್ಕು ಸಾಕಿ ಮರಿ ಮಾರುತ್ತಾರೆ?" ಎಂದು ಕೇಳಬಹುದು. ಕಡಿಮೆ ಜನ ಮಾರುತ್ತಾರೆ. ಆಗಲಿ. ಚರಂಡಿ ಪಕ್ಕದಲ್ಲಿ, ಪಾಳು ಕಾರಿನ ಕೆಳಗೆ ಹುಟ್ಟಿದ ಮರಿಗಳು ನಮ್ಮೂರಿನಲ್ಲಿ ಸಾಲದೇ? ರಕ್ತ ಪರೀಕ್ಷೆಗೆ, ತಕ್ಕಡಿಗೆ, ರಾತ್ರಿ ಎರಡು ಗಂಟೆಗೆ ಎದ್ದು ನೋಡುವುದಕ್ಕೆ ಪುರುಸೊತ್ತು ಇಲ್ಲದವರು ಅಂಥ ಒಂದನ್ನು ಒಳಗೆ ಕರೆದು ಆಪರೇಷನ್ ಮಾಡಿಸಿ ಸಾಕಿಕೊಳ್ಳಲಿ. ಬೆಕ್ಕಿನ ಮೇಲಿನ ಪ್ರೀತಿಗೆ ಅಷ್ಟು ಸಾಕು.

ಇದನ್ನು ಓದುವ ನಿಮ್ಮಲ್ಲಿ ಮರಿ ಮಾರುವವರಿಗಿಂತ ಕೊಳ್ಳುವವರೇ ಹೆಚ್ಚಿರಬಹುದು. ಮಗಳ ಹುಟ್ಟುಹಬ್ಬಕ್ಕೊಂದು ಬಿಳಿ ಮರಿ ಬೇಕೆಂದು ಯಾರದೋ ಮನೆಗೆ ಹೋದಾಗ ಬಣ್ಣ ನೋಡುತ್ತೀರಿ, ಮೂಗು ನೋಡುತ್ತೀರಿ, ದರದಲ್ಲಿ ಚೌಕಾಸಿ ಮಾಡುತ್ತೀರಿ. ಅದರ ಜೊತೆಗೆ ಇನ್ನೂ ಮೂರು ಮಾತು ಕೇಳಿ. ಈ ಸೂಲಿನಲ್ಲಿ ಎಷ್ಟು ಹುಟ್ಟಿದವು, ಎಷ್ಟು ಉಳಿದವು? ಹೋದವು ಯಾಕೆ ಹೋದವು? ತಾಯಿಗೆ ಇದಕ್ಕೆ ಮೊದಲಿನ ಸೂಲು ಯಾವಾಗ ಆಗಿತ್ತು? ಬರೆದಿಟ್ಟ ಪುಸ್ತಕ ತೆಗೆದು ತೋರಿಸಿದರೆ ಕುಳಿತು ಓದಿ. "ಅದೆಲ್ಲ ಯಾರು ಬರೀತಾರೆ ಮೇಡಂ" ಎಂದರೆ ಚಪ್ಪಲಿ ಮೆಟ್ಟಿಕೊಂಡು ಎದ್ದು ಬನ್ನಿ.